ಟಕ್ ಅಂದರೆ ಮಾತ್ರ ನಂಬಿ

ರೇಸ್ ಟ್ರ್ಯಾಕಿನಲ್ಲಿ ಓಡುವ ಕಾರಿನ ಬಂಪರ್ ಕಳಚಲು ಎರಡು ದಾರಿಗಳಿವೆ. ಒಂದು, ಪಿಟ್‌ನಲ್ಲಿ ನಿಂತು, ಬಂಪರನ್ನು ಹಿಡಿದಿಡುವ 14 ಸ್ಟಡ್‌ಗಳನ್ನು, ಅಂದರೆ ಕೀಲುಗಳನ್ನು, ಒಂದೊಂದಾಗಿ ಕಾಲು ಸುತ್ತು ತಿರುಗಿಸುವುದು. ಇನ್ನೊಂದು, ಆ 14 ಸ್ಟಡ್‌ಗಳನ್ನು ಕಣ್ಣಳತೆಯಲ್ಲೇ ಕೂರಿಸಿ, ಕಾರನ್ನು ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಬಿಡುವುದು. ಎರಡನೆಯದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ, ಗಾಳಿಯೇ ಬಿಚ್ಚಿಕೊಡುತ್ತದೆ. ಆಮೇಲೆ 3.7 ಕಿ.ಮೀ. ಸುತ್ತಿನಲ್ಲಿ ಬಂಪರ್ ಎಲ್ಲಿ ಬಿತ್ತೆಂದು ಹುಡುಕಬೇಕು, ಅಷ್ಟೆ. ಅಷ್ಟರಲ್ಲಿ ಓಟ ನಿಲ್ಲಿಸಲು ಕೆಂಪು ಬಾವುಟ ಬೀಸಿರುತ್ತಾರೆ. ಹಿಂದೆ ಬರುತ್ತಿದ್ದವರು ನಿಮ್ಮ ಏಳು ತಲೆಮಾರನ್ನೂ ನೆನೆದಿರುತ್ತಾರೆ.

ಈ ಕಾಲು ಸುತ್ತಿನ ಸ್ಟಡ್‌ನ ಹೆಸರು ಡ್ಜೂಸ್. ಉಕ್ರೇನಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ವಿಲಿಯಂ ಡ್ಜೂಸ್ 1930ರ ದಶಕದ ಆರಂಭದಲ್ಲಿ ಮಾಡಿದ್ದು, ವಿಮಾನದ ಎಂಜಿನ್ ಮುಚ್ಚಳಗಳಿಗೆ ಹೇಳಿ ಮಾಡಿಸಿದಂತಾಯಿತು. ಆ ಪುಣ್ಯಾತ್ಮನೇ 1948ರಲ್ಲಿ ನ್ಯೂಯಾರ್ಕಿನಲ್ಲಿ ಉಕ್ರೇನಿಯನ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ ಸ್ಥಾಪಿಸಿದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಿಂತು ‘ಡ್ಜೂಸ್ ಇದೆಯಾ’ ಅಂತ ಕೇಳಿದಾಗ ಅಂಗಡಿಯವರು ಪಕ್ಕದ ಜ್ಯೂಸ್ ಸೆಂಟರ್ ಕಡೆ ಕೈ ತೋರಿಸಿದರೆ ತಪ್ಪು ಅವರದ್ದಲ್ಲ. ‘ಕ್ವಾರ್ಟರ್ ಟರ್ನ್’ ಅನ್ನಿ.

ವಸ್ತು ಬಹಳ ಸರಳ. ಸ್ಟಡ್‌ನ ಬಾಲದಲ್ಲಿ ಸುರುಳಿಯಾಗಿ ಕೊರೆದ ಒಂದು ಸೀಳು. ಹಿಂದಿನ ಚೌಕಟ್ಟಿಗೆ ರಿವೆಟ್ ಹೊಡೆದ, ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗಿದ ಒಂದು ಸ್ಪ್ರಿಂಗ್ ತಂತಿ. ಸ್ಟಡ್ ತಿರುಗಿಸಿದರೆ ತಂತಿ ಸೀಳಿನಲ್ಲಿ ಏರುತ್ತಾ ಹೋಗಿ, 90 ಡಿಗ್ರಿ ಮುಗಿಯುವಾಗ ಕೊನೆಯ ಸಣ್ಣ ಗುಳಿಗೆ ಬೀಳುತ್ತದೆ. ಆಗ ‘ಟಕ್’ ಅನ್ನುತ್ತದೆ. ಊಟದ ಕ್ಯಾರಿಯರ್‌ನ ಕ್ಲಿಪ್ಪಿನ ಹಾಗೆ, ಹಿಡಿತವೆಲ್ಲ ಸ್ಪ್ರಿಂಗಿನ ಬಿಗಿತದ್ದು. ಆದರೆ ತಲೆಯ ಮೇಲೆ ಸೀಳು ಕಂಡ ಕೂಡಲೇ ನಮ್ಮ ಕೈಗೆ ಅದು ಸ್ಕ್ರೂ. ಟಕ್ ಅಂದ ಮೇಲೂ ‘ಇನ್ನೊಂಚೂರು ಬಿಗಿ ಇರಲಿ’ ಅಂತ ಒಂದು ಕೈ ಹೆಚ್ಚಿಗೆ ಹಾಕುತ್ತೇವೆ. ತಂತಿ ಬಾಗುತ್ತದೆ, ಇಲ್ಲವೇ ಬಾಲ ಮುರಿಯುತ್ತದೆ. ಮೇಲಿನಿಂದ ನೋಡಿದರೆ ಮಾತ್ರ ಎಲ್ಲ ಸುಸೂತ್ರ.

ನಿಜವಾದ ರಾಮಾಯಣ ಇರುವುದು ಉದ್ದದಲ್ಲಿ. ರೇಸಿಂಗ್ ಡ್ಜೂಸ್‌ಗಳ ಉದ್ದ ಸಾಮಾನ್ಯವಾಗಿ 0.050 ಇಂಚಿಗೊಂದರಂತೆ ಏರುತ್ತದೆ, ಅಂದರೆ ಸುಮಾರು 1.27 ಮಿ.ಮೀ. ಕ್ಯಾಮ್‌ಲಾಕ್ ಅನ್ನುವ ಇನ್ನೊಂದು ಜಾತಿಯಲ್ಲಿ ಮೆಟ್ಟಿಲು ಇನ್ನೂ ಚಿಕ್ಕದು, 0.030 ಇಂಚು. ಲೆಕ್ಕಕ್ಕೆ ಬರುವುದು ಹೊದಿಕೆಯ (ಅಂದರೆ ಬಂಪರ್, ಬಾನೆಟ್‌ನಂಥ ಹೊರಭಾಗದ) ದಪ್ಪ, ಚೌಕಟ್ಟಿನ ದಪ್ಪ, ನಡುವೆ ಅಂಟಿಸಿದ ಫೋಮ್ ಟೇಪ್ ಅದುಮಿದ ಮೇಲೆ ಉಳಿಯುವ ದಪ್ಪ, ಜೊತೆಗೆ ಸ್ಪ್ರಿಂಗಿನ ಎತ್ತರ. 3 ಮಿ.ಮೀ. ಫೈಬರ್, 1.6 ಅಲ್ಯೂಮಿನಿಯಂ, 1 ಫೋಮ್, ಒಟ್ಟು 5.6, ಅದಕ್ಕೆ ಸ್ಪ್ರಿಂಗ್ ಎತ್ತರ ಸೇರಿಸಿ ಕ್ಯಾಟಲಾಗಿನ ಪಟ್ಟಿ ನೋಡಿ. ಇಷ್ಟೇನಾ ಅನ್ನಿಸಬಹುದು. ಆದರೆ ಕೈಯಲ್ಲಿ ಹಾಸಿದ ಫೈಬರ್‌ಗ್ಲಾಸ್ ಅಕ್ಕಿರೊಟ್ಟಿ ಇದ್ದ ಹಾಗೆ: ಒಂದು ಮೂಲೆ 2.5, ಇನ್ನೊಂದು ಮೂಲೆ 4. ಒಂದು ಕಡೆ ಅಳೆದು 14 ಸ್ಟಡ್ ತಂದವರು ಆರನ್ನು ಬದಲಾಯಿಸಲು ಮತ್ತೆ ಆರ್ಡರ್ ಹಾಕುತ್ತಾರೆ. ಪ್ರತಿ ತೂತಿನ ಹತ್ತಿರವೂ ವರ್ನಿಯರ್ ಇಡಿ.

ಸ್ಟಡ್ ಗಿಡ್ಡವಾದರೆ ತಂತಿ ಸೀಳಿಗೆ ಸಿಗುವುದಿಲ್ಲ. ಮೊಣಕಾಲಿನಿಂದ ಹೊದಿಕೆಯನ್ನು ಒತ್ತಿ ಹಿಡಿದು ತಿರುಗಿಸಿದರೆ ಸಿಗುತ್ತದೆ, ಜೊತೆಗೆ ಫೈಬರ್‌ನ ಹೊರಗಿನ ನುಣುಪು ಪದರವಾದ ಜೆಲ್‌ಕೋಟ್ ಮೇಲೆ ನಕ್ಷತ್ರದಂಥ ಬಿರುಕೂ ಸಿಗುತ್ತದೆ. ಉದ್ದವಾದದ್ದು ಇನ್ನೂ ಕಪಟಿ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗುತ್ತದೆ, ನಿಮಗೋ ಸಂತೋಷ. ಟಕ್ ಅನ್ನುವುದಿಲ್ಲ ಅನ್ನುವುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ತಂತಿ ಬಿಗಿಯೇ ಆಗಿಲ್ಲ. ನಾಲ್ಕು ಸುತ್ತು ನಡುಗಿದರೆ ಸ್ಟಡ್ ತಾನಾಗಿ ಹಿಂದಕ್ಕೆ ತಿರುಗುತ್ತದೆ. ಇದಕ್ಕೆ ಇನ್ನೊಂದು ಪದರ ಫೋಮ್ ಅಂಟಿಸುವ ಜಾಣರಿದ್ದಾರೆ. ಎಂಜಿನ್ ಬಿಸಿಗೆ ಫೋಮ್ ಚಪ್ಪಟೆಯಾಗುತ್ತದೆ, ಕತೆ ಮೊದಲಿನಿಂದ ಶುರು.

ಇನ್ನು ತೂತು. ಅಂಗಿಯ ಮೊದಲ ಗುಂಡಿ ತಪ್ಪಿದರೆ ಕತ್ತಿನ ಹತ್ತಿರ ಒಂದು ಗುಂಡಿ ಅನಾಥವಾಗುತ್ತದಲ್ಲ, ಇಲ್ಲೂ ಅದೇ, ಆದರೆ ಈ ಅಂಗಿಯನ್ನು ಬಿಚ್ಚಿ ಮತ್ತೆ ಹಾಕಿಕೊಳ್ಳಲಾಗುವುದಿಲ್ಲ. ಎಡ ತುದಿಯಿಂದ ಶುರು ಮಾಡಿದರೆ ಎತ್ತು ಏರಿಗೆಳೆಯುತ್ತದೆ, ಕೋಣ ನೀರಿಗೆಳೆಯುತ್ತದೆ. ಬಲ ತುದಿಗೆ ಬರುವಾಗ ತೂತಿಗೂ ಸ್ಪ್ರಿಂಗಿಗೂ 8 ಮಿ.ಮೀ. ವೈರ. ಆದ್ದರಿಂದ ನಡುವಿನಿಂದ ಎರಡೂ ಕಡೆಗೆ ಹೋಗಬೇಕು. ಹೊದಿಕೆಯನ್ನು ಟೇಪಿನಿಂದ ಜಾಗಕ್ಕೆ ಕಟ್ಟಿ, ಬಾಗಿಲ ಸಂದು ಬಾನೆಟ್ ಸಂದು ಸರಿನೋಡಿ, ನಡುವೆ 3.2 ಮಿ.ಮೀ. ತೂತು ಹೊದಿಕೆ ಮತ್ತು ಚೌಕಟ್ಟು ಎರಡಕ್ಕೂ ಒಟ್ಟಿಗೆ ಹೊಡೆದು, ಅದಕ್ಕೊಂದು ಕ್ಲೆಕೊ (ಎರಡು ಪದರಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಕ್ಲಿಪ್ಪು) ಸಿಕ್ಕಿಸಿ. ತಾಮ್ರದ ಬಣ್ಣದ ಕ್ಲೆಕೊ ಈ ಅಳತೆಗೆ. ಬೆಳ್ಳಿ ಬಣ್ಣದ್ದು 2.4 ಮಿ.ಮೀ.ಗೆ, ಅದು ಜಾರಿ ಕೈಗೆ ಬರುತ್ತದೆ. ಎಲ್ಲ ಕ್ಲೆಕೊಗಳೂ ಕೂತ ಮೇಲೆ ದೂರ ನಿಂತು ನೋಡಿ. ಸೊಟ್ಟ ಕಂಡರೆ ಈಗಲೇ ಸರಿಮಾಡಿ, 3.2ರ ತೂತನ್ನು ಮುಚ್ಚಬಹುದು. ಸ್ಟಡ್ ಕೂರುವ ದೊಡ್ಡ ತೂತನ್ನು ಸ್ಟಿಕರ್ ಹಾಕಿ ಮುಚ್ಚಬೇಕಾಗುತ್ತದೆ. ಕೆಲವು ಕಾರುಗಳ ಮೇಲೆ ಅಷ್ಟೊಂದು ಪ್ರಾಯೋಜಕರ ಸ್ಟಿಕರ್ ಯಾಕಿವೆ ಅಂತ ಈಗ ಅರ್ಥವಾಗಿರಬೇಕು.

ದೊಡ್ಡ ತೂತಿಗೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಸ್ಟೆಪ್ ಡ್ರಿಲ್, ನಿಧಾನ ವೇಗ, ಮೇಲೊಂದು ಮಾಸ್ಕಿಂಗ್ ಟೇಪ್, ಹಿಂದೊಂದು ಮರದ ತುಂಡು. ಮೂಗಿಗೂ ಒಂದು ಮಾಸ್ಕ್ ಇರಲಿ. ಪೂರ್ತಿ ತೋಳಿನ ಅಂಗಿಯೂ ಬೇಕು, ಇಲ್ಲದಿದ್ದರೆ ಫೈಬರ್ ಧೂಳು ಕಜ್ಜಿಯಂತೆ ಮೂರು ದಿನ ಜೊತೆಗಿರುತ್ತದೆ.

ಎಸ್ ಸ್ಪ್ರಿಂಗಿನ ಎರಡು ತುದಿಯಲ್ಲೂ ತಂತಿಯದ್ದೇ ಕಣ್ಣು. ಸಾಮಾನ್ಯ ಪಾಪ್ ರಿವೆಟ್‌ನ ಪುಟ್ಟ ತಲೆ ಆ ಕಣ್ಣಿನಿಂದ ನುಸುಳಿಹೋಗುತ್ತದೆ. ಅಗಲ ತಲೆಯದ್ದು ತನ್ನಿ, ಇಲ್ಲವೇ ವಾಷರ್ ಹಾಕಿ. ಹೊದಿಕೆ ಕೂರುವ ಬದಿಯಲ್ಲಿ ರಿವೆಟ್ ಉಬ್ಬಿರಬಾರದು, ಉಬ್ಬಿದರೆ ನೀವು ವರ್ನಿಯರ್ ಹಿಡಿದು ಮಾಡಿದ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಎಲ್ಲ ಸ್ಪ್ರಿಂಗ್‌ಗಳನ್ನೂ ಒಂದೇ ದಿಕ್ಕಿಗೆ ಕೂರಿಸಿ. ಆಗ ಬೀಗ ಬಿದ್ದಾಗ ಸ್ಟಡ್ ತಲೆಯ ಸೀಳುಗಳೆಲ್ಲ ಒಂದೇ ಕಡೆ ನೋಡುತ್ತವೆ, ಅಡ್ಡ ನಿಂತವನು ಅಪರಾಧಿ. ಬಿಚ್ಚಿದಾಗ ಪುಟಿದು ಮೇಲೆ ಬರುವ ಸ್ಟಡ್ ಸಿಕ್ಕರೆ ದುಡ್ಡು ನೋಡಬೇಡಿ. ಬೀಗ ಬಿದ್ದಿಲ್ಲ ಅಂತ ಅದು ತಾನೇ ಕೈ ಎತ್ತಿ ಹೇಳುತ್ತದೆ. ತಳದ ಟ್ರೇಗೆ ಮಾತ್ರ ಅಲೆನ್ ಕೀ ತಲೆ ಬೇಡ, ಆ ಗುಳಿಯಲ್ಲಿ ಮಣ್ಣು ಕಲ್ಲು ಹಲ್ಲುಸಂದಿಯ ಹಾಗೆ ಸೇರಿಕೊಳ್ಳುತ್ತದೆ. ಸೀಳಿನ ತಲೆಯಾದರೆ ಒಂದು ಮೊಳೆಯಲ್ಲಿ ಕೆರೆದು ತೆಗೆಯಬಹುದು.

ಇಷ್ಟೆಲ್ಲ ಮಾಡಿ, ಬಂಪರಿನ ಪೂರ್ತಿ ಭಾರವನ್ನು ಡ್ಜೂಸ್ ಮೇಲೆ ಹೊರಿಸುವವರೂ ಇದ್ದಾರೆ. ಅದು ಒತ್ತಿ ಹಿಡಿಯುವ ವಸ್ತು, ಹೊರುವ ವಸ್ತುವಲ್ಲ. ಭಾರ ಹೊರಲು ಬೇರೆಯೇ ಒಂದು ತುಟಿಯಂಥ ಅಂಚೋ ಎರಡು ಗೂಟವೋ ಇರಬೇಕು. ಅಂಚುಗಳು ಮೀನಿನ ಹುರುಪೆಯ ಹಾಗೆ, ಮುಂದಿನದು ಹಿಂದಿನದರ ಮೇಲೆ ಬರಬೇಕು. ತಿರುವುಮುರುವಾದರೆ ಗಾಳಿಗೆ ನೀವೇ ಬಾಗಿಲು ತೆಗೆದುಕೊಟ್ಟ ಹಾಗೆ. 100 ಕಿ.ಮೀ. ವೇಗದಲ್ಲಿ ಒಂದು ಚದರ ಮೀಟರಿಗೆ ಎದುರು ಗಾಳಿ ಹಾಕುವ ಒತ್ತಡ ಸುಮಾರು 47 ಕಿಲೋ ಭಾರದಷ್ಟು, 160ಕ್ಕೆ 120 ಕಿಲೋ. ಬಾನೆಟ್ ಅಡಿ ಅಷ್ಟು ಗಾಳಿ ಹೊಕ್ಕರೆ ಅದು ನೇರ ಗಾಜಿಗೆ ಬಂದು ಒರಗುತ್ತದೆ. ಅದಕ್ಕೇ ಬಾನೆಟ್ಟಿಗೆ ಡ್ಜೂಸ್ ಒಂದನ್ನೇ ನೆಚ್ಚಬಾರದು, ಪಿನ್ ಬೇಕು. ಮೋಟಾರ್ ರೇಸಿಂಗಿನ ಜಾಗತಿಕ ಸಂಸ್ಥೆ ಎಫ್‌ಐಎಯ ನಿಯಮವೂ ಕನಿಷ್ಠ ಎರಡು ಹೆಚ್ಚುವರಿ ಸುರಕ್ಷಾ ಹಿಡಿಕೆಗಳನ್ನು ಕೇಳುತ್ತದೆ, ಅವನ್ನು ತೋರಿಸಲು ಕೆಂಪು ಇಲ್ಲವೇ ಎದ್ದು ಕಾಣುವ ಬಣ್ಣದ ಬಾಣವನ್ನೂ.

ಕಾರು ಹೊರಡುವ ಮುಂಚೆ ಒಬ್ಬರು ಸುತ್ತ ನಡೆದು, ತಲೆಗಳನ್ನು ಮುಟ್ಟಿ, ಗಟ್ಟಿಯಾಗಿ ಎಣಿಸಬೇಕು. 14 ಬಂತಾ? ಇನ್ನು ಗೋಡೆಯ ಕೊಕ್ಕೆ ನೋಡಿ. ಸ್ಕ್ರೂಡ್ರೈವರ್ ಅಲ್ಲಿ ನೇತಾಡುತ್ತಿದ್ದರೆ ಸರಿ. ಇಲ್ಲದಿದ್ದರೆ ಪಿನ್ ಎಳೆದು ಬಾನೆಟ್ ಮತ್ತೆ ತೆಗೆಯಿರಿ. ಬ್ಯಾಟರಿ ಪಕ್ಕದಲ್ಲೇ ಮಲಗಿರುತ್ತದೆ.