ಗಾಜಿನ ಬೀರು ಸೇರಿದ ರೋಬೋಟು

ನನ್ ಮಗಳ ಸ್ಕೂಲಲ್ಲಿ ರೋಬೋಟಿಕ್ಸ್ ಲ್ಯಾಬ್ ಓಪನ್ ಆಗಿ ಒಂದು ವರ್ಷ ಆಯ್ತು, ಬಾಗಿಲು ಓಪನ್ ಆಗಿದ್ದು ಮಾತ್ರ ಒಂದೇ ಸಲ. ಆರ್ಡುಯಿನೊ ಬೋರ್ಡು (ರೋಬೋಟಿನ ಮಿದುಳು ಅನ್ನಿ), ಸರ್ವೋ ಮೋಟ್ರು, ಸೆನ್ಸರು ಎಲ್ಲಾ ಗಾಜಿನ ಬೀರುಲಿ ಭದ್ರವಾಗಿವೆ, ಮಕ್ಳು ಮುಟ್ಟಿದ್ರೆ ಹಾಳಾಗುತ್ತಂತೆ. ಹಾಗಾಗಿ ಕೋಡಿಂಗ್ ಎಲ್ಲಾ ನೋಟ್‌ಬುಕ್ಕಲ್ಲೇ, ಏಳನೇ ಕ್ಲಾಸಿಗೆ ಹೋಂವರ್ಕು ಏನಪ್ಪಾ ಅಂದ್ರೆ ಲೂಪ್‌ನ ಹತ್ತು ಸಲ ಕಾಪಿ ಮಾಡ್ಕೊಂಡು ಬರೋದು. (ಬರೆದಿದ್ದನ್ನೇ ಮತ್ತೆ ಮತ್ತೆ ಬರೀದೆ ಕಂಪ್ಯೂಟರೇ ಮತ್ತೆ ಮತ್ತೆ ಮಾಡ್ಲಿ ಅಂತಾನೇ ಲೂಪ್ ಇರೋದು ಅಂತ ಹೇಳೋಕ್ಹೋದ್ರೆ ನಾವೇ ದಡ್ಡರು.)

1967ರಲ್ಲಿ ಸೀಮೋರ್ ಪ್ಯಾಪರ್ಟ್ ಅನ್ನೋ ಗಣಿತಜ್ಞ ಮತ್ತವರ ಜೊತೆಗಾರರು ಮಕ್ಳಿಗೋಸ್ಕರ ಲೋಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮಾಡಿದ್ರು, ಆಮೇಲೆ ನೆಲದ ಮೇಲೆ ಓಡಾಡೋ ಆಮೆ ರೋಬೋಟೂ ಬಂತು, ಫಾರ್ವರ್ಡ್ 100 ರೈಟ್ 90 ಅಂತ ನಾಲ್ಕು ಸಲ ಹೇಳಿದ್ರೆ ಚೌಕ ಬರಿಯೋದು, ಆಮೆ ಎಡವಟ್ಟು ಮಾಡಿದ್ರೆ ಯಾಕೆ ಹೀಗಾಯ್ತು ಅಂತ ಹುಡುಕೋದರಲ್ಲೇ ಕಲಿಕೆ ಇದೆ ಅನ್ನೋರು ಆ ಪುಣ್ಯಾತ್ಮ. ನಮ್ಮ ಸ್ಕೂಲು ಇನ್ನೂ ಅಡ್ವಾನ್ಸ್ಡು, ತಪ್ಪಾಗೋ ಚಾನ್ಸೇ ಕೊಡಲ್ಲ.

ಆ ಒಂದು ಸಲ ಬಾಗಿಲು ತೆಗೆದಿದ್ದು ಚೀಫ್ ಗೆಸ್ಟ್ ಬರ್ತಾರೆ ಅಂತ. ವಾರದಿಂದ ನಾಲ್ಕು ಮಕ್ಳು ಕೂತು ಲೈನ್ ಫಾಲೋವರ್, ಅಂದ್ರೆ ಗೆರೆ ಹಿಡ್ಕೊಂಡು ತಾನೇ ಓಡೋ ಗಾಡಿ, ರೆಡಿ ಮಾಡಿದ್ರು, ಟ್ಯೂಬ್‌ಲೈಟ್ ಕೆಳಗೆ ಕಪ್ಪು ಟೇಪ್ ಹಿಡ್ಕೊಂಡು ಚೆನ್ನಾಗೇ ಓಡ್ತಿತ್ತು. ಸ್ಟೇಜ್ ಮೇಲೆ ವಿಡಿಯೋದವರು ದೊಡ್ಡ ಹ್ಯಾಲೋಜನ್ ಲೈಟ್ ಹಾಕಿದ್ರು ನೋಡಿ, ಆ ಲೈಟಲ್ಲಿ ಇನ್ಫ್ರಾರೆಡ್ಡು (ಕಣ್ಣಿಗೆ ಕಾಣದ ಬೆಳಕು) ಸಿಕ್ಕಾಪಟ್ಟೆ ಇರುತ್ತೆ, ಗಾಡಿ ಗೆರೆ ಹುಡುಕೋದೂ ಅದರಿಂದಲೇ, ಸೆನ್ಸರ್‌ಗೆ ಕಪ್ಪೂ ಬಿಳಿ ಥರಾನೇ ಕಾಣಕ್ಕೆ ಶುರುವಾಯ್ತು, ಗಾಡಿ ಸೀದಾ ಹೂಕುಂಡದ ಕಡೆ ಹೊರಡ್ತು. ಮಗಳು ಲ್ಯಾಪ್‌ಟಾಪಲ್ಲಿ ರೀಡಿಂಗ್ ನೋಡಿ, "ಮಿಸ್, ಲೈಟ್ ಜಾಸ್ತಿ ಆಯ್ತು ಅಷ್ಟೇ, ಥ್ರೆಶೋಲ್ಡ್ ಬದಲಾಯಿಸ್ತೀನಿ, ಎರಡೇ ನಿಮಿಷ" ಅಂದ್ಲು (ಥ್ರೆಶೋಲ್ಡ್ ಅಂದ್ರೆ ರೀಡಿಂಗಲ್ಲಿ ಕಪ್ಪು ಯಾವುದು ಬಿಳಿ ಯಾವುದು ಅಂತ ಬೇರೆ ಮಾಡೋ ಗಡಿ). "ಈಗ ಏನೂ ಮುಟ್ಬೇಡಮ್ಮಾ, ಗೆಸ್ಟ್ ಇದ್ದಾರೆ" ಅಂದ್ರು ಮಿಸ್ಸು. ಆಮೇಲೆ ಅಟೆಂಡರ್ ಮೇಜಿನ ಬಟ್ಟೆ ಹಿಂದೆ ಕೂತು ಗಾಡಿಗೆ ದಾರ ಕಟ್ಟಿ ಎಳೆದ್ರು, ಚಕ್ರ ಒಂದ್ ಕಡೆ ಗಾಡಿ ಒಂದ್ ಕಡೆ. ಗೆಸ್ಟು ಎದ್ದು ನಿಂತು ಚಪ್ಪಾಳೆ ತಟ್ಟಿ, ಮನುಷ್ಯರ ಸಹಾಯನೇ ಇಲ್ದೆ ಓಡುತ್ತಲ್ರೀ ಅಂದ್ರು!

ರೋಬೋಟ್ ಅನ್ನೋ ಪದದ ಮೂಲ ಚೆಕ್ ಭಾಷೆದು, ಬಿಟ್ಟಿ ಚಾಕರಿ ಅಂತ ಅರ್ಥ. ಅಟೆಂಡರಣ್ಣನ ಮುಖ ನೋಡಿ ಅದು ನೆನಪಾಯ್ತು.

ಮೊನ್ನೆ ಟೆಸ್ಟಲ್ಲಿ ಒಂದು ಪ್ರಶ್ನೆ ಬಂದಿತ್ತು, ರೋಬೋಟ್ ದಾರಿ ತಪ್ಪಿದರೆ ಏನು ಮಾಡಬೇಕು ಅಂತ, ಎರಡು ಮಾರ್ಕ್ಸು. ಮಗಳು ಸೆನ್ಸರ್ ರೀಡಿಂಗ್ ನೋಡಿ ಥ್ರೆಶೋಲ್ಡ್ ಸರಿ ಮಾಡಬೇಕು ಅಂತ ಬರೆದು ಸೊನ್ನೆ ತಗೊಂಡು ಬಂದ್ಲು. ಕೀ ಆನ್ಸರ್: ಶಿಕ್ಷಕರಿಗೆ ತಿಳಿಸಬೇಕು.