ಮೂರನೇ ವರ್ಷದ ಲೆಕ್ಕ

ಇವತ್ತು 2025ರ ಆಗಸ್ಟ್ 16. ಇನ್ನು ಸರಿಯಾಗಿ ಹನ್ನೆರಡು ದಿನ. ಆಗಸ್ಟ್ 28, ಗುರುವಾರ ರಾತ್ರಿ, ಕಾನ್ಸಾಸ್ ಸಿಟಿಯ ಆರೋಹೆಡ್ ಸ್ಟೇಡಿಯಂನಲ್ಲಿ ನೆಬ್ರಾಸ್ಕಾ ಮತ್ತು ಸಿನ್ಸಿನಾಟಿ ಯೂನಿವರ್ಸಿಟಿಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯ. ನಮ್ಮ ಬೀದಿಯಲ್ಲಿ ಆಗಲೇ ಮೂರು ಮನೆಗಳ ಮುಂದೆ ಕೆಂಪು ಬಾವುಟ ಏರಿದೆ. ನಾಲ್ಕನೆಯದು ನಮ್ಮದು. ಏರಿಸಿದ್ದು ನಾನಲ್ಲ, ಮಗ. ನಾನು ಸುಮ್ಮನೆ ಏಣಿ ಹಿಡಿದುಕೊಂಡಿದ್ದೆ. ಹದಿನಾಲ್ಕು ವರ್ಷ ಈ ತಂಡದ ಹಿಂದೆ ತಿರುಗಿದವನಿಗೆ ಆಗಸ್ಟ್ ತಿಂಗಳಲ್ಲಿ ಏಣಿ ಹಿಡಿಯುವಷ್ಟು ಉತ್ಸಾಹ ಇದ್ದರೆ ಅದೇ ಹೆಚ್ಚು.

ಊರಿನ ಗೆಳೆಯರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್ಟು, ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಅಷ್ಟು ಗೊತ್ತಿದ್ದರೆ ಸಾಕು. ಉಳಿದದ್ದು ತಲೆಗೆ ಹೋಗಲು ನನಗೂ ಎರಡು ವರ್ಷ ಬೇಕಾಯಿತು. ನೆಬ್ರಾಸ್ಕಾದಲ್ಲಿ ಎನ್‌ಎಫ್‌ಎಲ್ (ವೃತ್ತಿಪರರ ಲೀಗು) ತಂಡ ಇಲ್ಲ. ಇಡೀ ರಾಜ್ಯಕ್ಕೆ ಇರುವುದು ಲಿಂಕನ್ನಿನ ಯೂನಿವರ್ಸಿಟಿ ತಂಡ. ಪಂದ್ಯದ ಶನಿವಾರ ಆ ಸ್ಟೇಡಿಯಂ ಒಳಗೆ ಕೂತ ಜನರನ್ನು ಎಣಿಸಿದರೆ, ಒಮಾಹಾ ಮತ್ತು ಲಿಂಕನ್ ಬಿಟ್ಟು ರಾಜ್ಯದ ಮೂರನೇ ದೊಡ್ಡ ಊರು ಅದೇ. 1962ರ ನವೆಂಬರಿನಿಂದ ಇಲ್ಲಿಯವರೆಗೆ ಪ್ರತಿ ತವರು ಪಂದ್ಯಕ್ಕೂ ಟಿಕೆಟ್ ಪೂರಾ ಖರ್ಚು, ಲೆಕ್ಕ 400 ದಾಟಿದೆ. ತಂಡ ಸೋತು ಸುಣ್ಣವಾಗಿದ್ದ ವರ್ಷಗಳಲ್ಲಿ ದಾನಿಗಳು ಉಳಿದ ಟಿಕೆಟ್ ಕೊಂಡು ಬಡವರ ಮಕ್ಕಳಿಗೆ ಹಂಚಿ ಆ ದಾಖಲೆ ಉಳಿಸಿದ್ದೂ ಉಂಟು. ಇದನ್ನು ಮೋಸ ಅನ್ನುವವರಿದ್ದಾರೆ. ಆ ಮಕ್ಕಳನ್ನು ಕೇಳಿದರೆ ಏನು ಹೇಳುತ್ತಾರೋ!

ತಂಡದ ಹೆಸರು ಕಾರ್ನ್‌ಹಸ್ಕರ್ಸ್. ಅಂದರೆ ಗೋವಿನಜೋಳದ ತೆನೆ ಸುಲಿಯುವವರು. ನಾನು ರಾಣೆಬೆನ್ನೂರಿನ ಕಡೆಯವನು. ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ನೋಡದೆ ಬೆಳೆದವರು ಯಾರು? 2011ರಲ್ಲಿ ಎಂ.ಎಸ್. ಮಾಡಲು ಲಿಂಕನ್ನಿಗೆ ಬಂದು, ದಾರಿಯುದ್ದಕ್ಕೂ ಕಂಡ ಹೊಲಗಳ ಫೋಟೋ ಕಳಿಸಿದಾಗ ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: "ತಮ್ಮಾ, ಗೋವಿನಜೋಳ ನೋಡಾಕ ಅಷ್ಟು ದೂರ ಹೋಗೂದಿತ್ತೇನು?"

ಆ ವರ್ಷವೇ ನೆಬ್ರಾಸ್ಕಾ ಬಿಗ್ ಟೆನ್ ಎಂಬ ಕಾಲೇಜು ಲೀಗಿಗೆ ಹೊಸದಾಗಿ ಸೇರಿತ್ತು. ಅಕ್ಟೋಬರ್ 8ರಂದು ರೂಮ್‌ಮೇಟ್ ಒಬ್ಬ ತನ್ನ ಹೆಚ್ಚುವರಿ ಟಿಕೆಟ್ ಕೊಟ್ಟು ಎಳೆದುಕೊಂಡು ಹೋದ. ಎದುರಿಗೆ ಒಹಾಯೊ ಸ್ಟೇಟ್. 27-6ರಿಂದ ಹಿಂದೆ ಬಿದ್ದಿದ್ದೆವು. ಅಕ್ಕಪಕ್ಕದವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು, ನಾನು ನೀರಿನ ಬಾಟಲಿ ಎಲ್ಲಿ ಸಿಗುತ್ತದೆ ಅಂತ ನೋಡುತ್ತಿದ್ದೆ. ಕೊನೆಗೆ 34-27ಕ್ಕೆ ಗೆದ್ದೆವು. ಈ ತಂಡದ ಇತಿಹಾಸದಲ್ಲೇ ಅಷ್ಟು ಹಿಂದೆ ಬಿದ್ದು ಗೆದ್ದದ್ದು ಅದೇ ಮೊದಲು. ಗುರುತೇ ಇಲ್ಲದ ಒಬ್ಬ ಮುದುಕ ರೈತ ನನ್ನನ್ನು ತಬ್ಬಿಕೊಂಡು ಅತ್ತ. ಅಲ್ಲಿಗೆ ನನ್ನ ಕತೆ ಮುಗಿಯಿತು. ಜೂಜಿನಲ್ಲಿ ಮೊದಲ ದಿನವೇ ಗೆದ್ದವನ ಗತಿ ಏನಾಗುತ್ತದೋ ಅದೇ ಆಯಿತು.

ಈಗ ವಿಷಯಕ್ಕೆ ಬರುತ್ತೇನೆ. ಈ ಬೇಸಿಗೆಯಲ್ಲಿ ಒಮಾಹಾದ ಯಾವ ಆಫೀಸು, ಯಾವ ಕ್ಷೌರದಂಗಡಿಗೆ ಹೋದರೂ ಕೇಳುವ ಮಾತು ಒಂದೇ: ಮೂರನೇ ವರ್ಷ. ನಮ್ಮ ಕೋಚ್ ಮ್ಯಾಟ್ ರೂಲ್. ಈತ ಟೆಂಪಲ್ ಯೂನಿವರ್ಸಿಟಿಯಲ್ಲಿ ಮೊದಲ ವರ್ಷ ಗೆದ್ದದ್ದು 2, ಎರಡನೇ ವರ್ಷ 6, ಮೂರನೇ ವರ್ಷ 10. ಆಮೇಲೆ ಬೇಲರ್‌ನಲ್ಲಿ 1, 7, 11. ಇಲ್ಲಿ ಮೊದಲ ವರ್ಷ 5, ಕಳೆದ ವರ್ಷ 7. ಹಾಗಾದರೆ ಈ ವರ್ಷ? ಜಾತಕ ಹೊಂದಿಸಿದ ಜೋಯಿಸರ ಹಾಗೆ ಎಲ್ಲರೂ ಬೆರಳು ಮಡಚುತ್ತಿದ್ದಾರೆ.

ಈ ಲೆಕ್ಕದಲ್ಲಿ ಒಂದು ಮನೆ ಬಿಟ್ಟುಹೋಗಿದೆ ಅಂತ ನಾನು ಹೇಳಿದರೆ ಯಾರಿಗೂ ಬೇಕಿಲ್ಲ. ಬೇಲರ್‌ಗೂ ನೆಬ್ರಾಸ್ಕಾಗೂ ನಡುವೆ ರೂಲ್ ಎನ್‌ಎಫ್‌ಎಲ್‌ನ ಕ್ಯಾರೊಲೈನಾ ಪ್ಯಾಂಥರ್ಸ್‌ಗೆ ಕೋಚ್ ಆಗಿದ್ದ. ಅಲ್ಲೂ ಮೂರನೇ ವರ್ಷ ಬಂತು. ಐದು ಪಂದ್ಯ ಮುಗಿಯುವಷ್ಟರಲ್ಲಿ ಮನೆಗೆ ಕಳಿಸಿದರು. ಪಕ್ಕದ ಮನೆಯಾತನಿಗೆ ಇದನ್ನು ನೆನಪಿಸಿದೆ. "ಅದು ವೃತ್ತಿಪರರ ಆಟ, ಅದನ್ನು ಸೇರಿಸಬಾರದು" ಅಂದ. ಸರಿ, ಬೇಡದ ಗ್ರಹವನ್ನು ಕುಂಡಲಿಯಿಂದ ತೆಗೆದರೆ ಎಲ್ಲರಿಗೂ ರಾಜಯೋಗವೇ.

ಹಾಗಂತ ನನಗೆ ಆಸೆ ಇಲ್ಲವೆಂದಲ್ಲ. ಇದೆ. ಆದರೆ ಅದು ಬೇರೆ ಕಡೆಯಿಂದ ಬಂದದ್ದು. ಕಳೆದ ವರ್ಷ ನಾವು ಸೋತ ಆರು ಪಂದ್ಯಗಳಲ್ಲಿ ಐದು ಸೋಲು ಎಂಟು ಪಾಯಿಂಟಿನೊಳಗೆ. ಒಹಾಯೊ ಸ್ಟೇಟ್ ವಿರುದ್ಧ ಅವರ ನೆಲದಲ್ಲೇ 21-17. ಆ ವರ್ಷ ರಾಷ್ಟ್ರೀಯ ಚಾಂಪಿಯನ್ ಆದವರು ಅವರೇ! ಇಲಿನಾಯ್ ವಿರುದ್ಧ ಓವರ್‌ಟೈಮ್‌ನಲ್ಲಿ ಸೋಲು. ಆರನೇ ಸೋಲು ಇಂಡಿಯಾನಾ ವಿರುದ್ಧ 56-7, ಅದರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. 2021ರಲ್ಲಂತೂ ಒಂಬತ್ತು ಪಂದ್ಯ ಸೋತೆವು, ಒಂದೂ ಹತ್ತು ಪಾಯಿಂಟಿನ ಅಂತರ ಮುಟ್ಟಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ನಮ್ಮದು ಪ್ರತಿ ಶನಿವಾರ ಅಡಿಕೆಗೇ ಹೋಗುತ್ತಿತ್ತು.

ಅಯೊವಾ ಪಂದ್ಯಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಯೊವಾ ನಮ್ಮ ಪಕ್ಕದ ರಾಜ್ಯ, ನಡುವೆ ಮಿಸೌರಿ ನದಿ ಅಷ್ಟೇ. ನನ್ನ ಆಫೀಸಿನಲ್ಲಿ ಅರ್ಧ ಜನ ಸೇತುವೆ ದಾಟಿ ಬರುವ ಅಯೊವಾದವರು. 2023ರಲ್ಲಿ ಅವರೆದುರು 13-10ಕ್ಕೆ ಸೋಲು, ಕೊನೆಯ ಕ್ಷಣದ ಫೀಲ್ಡ್ ಗೋಲ್ (ಚೆಂಡನ್ನು ಒದ್ದು ಕಂಬಗಳ ನಡುವೆ ಕಳಿಸಿದರೆ ಮೂರು ಪಾಯಿಂಟು). 2024ರಲ್ಲೂ 13-10, ಮತ್ತೆ ಕೊನೆಯ ಕ್ಷಣದ ಫೀಲ್ಡ್ ಗೋಲ್. ಅದೇ ಸ್ಕೋರು, ಅದೇ ಪೆಟ್ಟು. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಯಾರೋ ಕ್ಯಾಲೆಂಡರ್ ಹಾಳೆ ಇಟ್ಟಿದ್ದರು, 13 ಮತ್ತು 10ನೇ ತಾರೀಕಿಗೆ ಹಳದಿ ಶಾಯಿಯಲ್ಲಿ ಗುಂಡು ಸುತ್ತಿ.

ಇಂಥ ಸೋಲು ಸಾಮಾನ್ಯವಾಗಿ ಎಲ್ಲಿಂದ ಬರುತ್ತದೆ ಅಂದರೆ ಕಿಕ್, ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು), ರಿಟರ್ನ್ (ಹಾಗೆ ಬಂದದ್ದನ್ನು ಹಿಡಿದು ಓಡುವುದು), ಈ ಚಿಲ್ಲರೆ ಕೆಲಸಗಳಿಂದ. ಟಿ.ವಿ.ಯಲ್ಲಿ ಅದು ಬಂದಾಗ ಜನ ಎದ್ದು ಚಹಾ ಮಾಡಿಕೊಳ್ಳಲು ಹೋಗುತ್ತಾರೆ. ಕಳೆದ ವರ್ಷ ನಮ್ಮ ಆ ವಿಭಾಗ ನೋಡುವಂತಿರಲಿಲ್ಲ. ಈ ಸಲ ಟೆನೆಸಿಯಿಂದ ಮೈಕ್ ಎಕ್ಲರ್ ಎಂಬಾತನನ್ನು ಆ ಕೆಲಸಕ್ಕೆಂದೇ ಕರೆಸಿದ್ದಾರೆ. ಪೇಪರಿನವರು ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಡಿಲನ್ ರೈಯೋಲಾ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದಾರೆ. ಅಪ್ಪ ಇದೇ ತಂಡಕ್ಕೆ ಆಡಿದವನು, ಚಿಕ್ಕಪ್ಪ ಈಗ ಇಲ್ಲೇ ಕೋಚ್, ಹುಡುಗನ ಕೈ ಚಿನ್ನ. ಒಪ್ಪಿದೆ. ಆದರೆ ಆತ ಮೊದಲ ವರ್ಷ 13 ಟಚ್‌ಡೌನ್ (ಆರು ಪಾಯಿಂಟಿನ ಗಳಿಕೆ) ಎಸೆದು 11 ಸಲ ಚೆಂಡನ್ನು ಎದುರಾಳಿಯ ಕೈಗೂ ಇಟ್ಟ. ಈ ವರ್ಷ ಅವನ ಮುಂದೆ ನಿಂತು ಕಾಯಲು ಅಲಬಾಮಾದಿಂದ ಎಲೈಜಾ ಪ್ರಿಚೆಟ್, ನೋಟರ್ ಡೇಮ್‌ನಿಂದ ರಾಕೋ ಸ್ಪಿಂಡ್ಲರ್ ಬಂದಿದ್ದಾರೆ. ಚೆಂಡು ಹಿಡಿಯಲು ಕೆಂಟಕಿಯ ಡೇನ್ ಕೀ. ಯಾರು ಏನೇ ಹೇಳಲಿ, ನನ್ನ ಬಾಜಿ ಎಕ್ಲರ್ ಮೇಲೆ. ಒಂದು ಪಂಟ್ ನೆಟ್ಟಗೆ ಬಿದ್ದರೆ, ಒಂದು ಫೀಲ್ಡ್ ಗೋಲ್ ಕಂಬಗಳ ನಡುವೆ ಹೋದರೆ, ಏಳು ಗೆಲುವು ಎಂಟೋ ಒಂಬತ್ತೋ ಆಗಲು ಮೂರನೇ ವರ್ಷದ ಮಂತ್ರ ಬೇಕಿಲ್ಲ.

ಸಿಟ್ಟಿನ ಮಾತೂ ಇದೆ. ಪ್ರತಿ ಏಪ್ರಿಲ್‌ನಲ್ಲಿ ತಂಡವೇ ಎರಡಾಗಿ ಆಡಿ ತೋರಿಸುವ ವಸಂತದ ಪಂದ್ಯ ಇಲ್ಲಿ ಜಾತ್ರೆ ಇದ್ದ ಹಾಗೆ. ಸೀಸನ್ ಟಿಕೆಟ್ ಕೊಳ್ಳಲು ಆಗದ ಹಳ್ಳಿಯ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದದ್ದು ಅದಕ್ಕೇ. ಈ ವರ್ಷ ಅದನ್ನು ನಿಲ್ಲಿಸಿದರು. ಟಿ.ವಿ.ಯಲ್ಲಿ ನೋಡಿ ಬೇರೆ ಕಾಲೇಜಿನವರು ನಮ್ಮ ಹುಡುಗರನ್ನು ಎಗರಿಸಿಕೊಂಡು ಹೋಗುತ್ತಾರೆ ಎಂಬ ಭಯವಂತೆ. ಬದಲಿಗೆ ಒಂದಷ್ಟು ಆಟೋಟ ಇಟ್ಟರು. ಬೆಳೆ ಕಳ್ಳರು ನೋಡಿಯಾರು ಅಂತ ಹೊಲಕ್ಕೆ ಪರದೆ ಕಟ್ಟಿದ ಹಾಗಾಯಿತು. ಅದೇ ವರ್ಷ ಟೆನೆಸಿ ಜೊತೆ 2026 ಮತ್ತು 2027ಕ್ಕೆ ಗೊತ್ತಾಗಿದ್ದ ಎರಡು ಪಂದ್ಯಗಳನ್ನೂ ಸ್ಟೇಡಿಯಂ ದುರಸ್ತಿ ನೆಪ ಹೇಳಿ ರದ್ದು ಮಾಡಿದರು. ನಮಗೆ ಮಾತ್ರ ಆಸೆ ಇಟ್ಟುಕೊಳ್ಳಿ ಅನ್ನುತ್ತಾರೆ, ದೊಡ್ಡವರ ಎದುರು ನಿಲ್ಲಲು ಇವರಿಗೇ ಅಳುಕು. ಸಿನ್ಸಿನಾಟಿ ಆದಮೇಲೆ ಆಕ್ರನ್, ಆಮೇಲೆ ಹ್ಯೂಸ್ಟನ್ ಕ್ರಿಶ್ಚಿಯನ್. ಅವೆರಡನ್ನು ಗೆದ್ದರೆ ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದುಡ್ಡಿನ ವಿಷಯದಲ್ಲಿ ಮಾತ್ರ ನಾನು ಇಲ್ಲಿಯ ಹಿರಿಯ ಅಭಿಮಾನಿಗಳ ಕಡೆ ಇಲ್ಲ. ಕೋರ್ಟು ಒಪ್ಪಿದ ಒಪ್ಪಂದದಂತೆ ಈ ಜುಲೈ 1ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಎಲ್ಲ ಆಟ ಸೇರಿ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ. "ಕಾಲೇಜ್ ಹುಡುಗ್ರಿಗೆ ಸಂಬಳನಾ?" ಅಂದರು ಅಪ್ಪ. ಕೋಚ್‌ಗೆ, ಚಾನೆಲ್‌ನವರಿಗೆ, ಟೀ ಶರ್ಟ್ ಮಾರುವವನಿಗೆ, ಎಲ್ಲರಿಗೂ ಸಿಗುತ್ತಿತ್ತು. ಮೊಣಕಾಲು ಮುರಿದುಕೊಳ್ಳುವ ಹುಡುಗನಿಗೆ ಮಾತ್ರ ಇಷ್ಟು ದಿನ ಆ ಗಳಿಕೆಯಲ್ಲಿ ಕಾಲೇಜು ನೇರವಾಗಿ ಪಾಲು ಕೊಡುವಂತಿರಲಿಲ್ಲ. ಕೊಡಲಿ ಬಿಡಿ.

ಹಳಬರು ಕನಸು ಕಾಣುವುದು ಟಾಮ್ ಆಸ್ಬೋರ್ನ್ ಕಾಲದ್ದು. 1973ರಿಂದ 1997ರವರೆಗೆ ಇಪ್ಪತ್ತೈದು ವರ್ಷ ಕೋಚ್, ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ, ಕೊನೆಗೆ ಮೂರು ರಾಷ್ಟ್ರೀಯ ಪ್ರಶಸ್ತಿ. ಆದರೆ ಅವರು ನನಗೆ ಹೇಳುವ ಕತೆ ಗೆದ್ದದ್ದಲ್ಲ, ಸೋತದ್ದು. 1984ರ ಜನವರಿ, ಆರೆಂಜ್ ಬೌಲ್ ಎಂಬ ಸೀಸನ್ ಕೊನೆಯ ದೊಡ್ಡ ಪಂದ್ಯ, ಎದುರಿಗೆ ಮಯಾಮಿ. ಒಂದು ನಿಮಿಷವೂ ಉಳಿದಿಲ್ಲ, ಟಚ್‌ಡೌನ್ ಹೊಡೆದು 31-30ಕ್ಕೆ ಬಂದಿದ್ದೇವೆ, ಒಂದು ಪಾಯಿಂಟ್ ಹಿಂದೆ. ಒಂದು ಪಾಯಿಂಟ್ ಒದ್ದು ಡ್ರಾ ಮಾಡಿಕೊಂಡಿದ್ದರೆ ಪ್ರಶಸ್ತಿ ಬಹುತೇಕ ಕೈಯಲ್ಲಿತ್ತು. ಆಸ್ಬೋರ್ನ್ ಗೆಲ್ಲಲೆಂದೇ ಒದೆಯುವುದು ಬಿಟ್ಟು ಎರಡು ಪಾಯಿಂಟಿಗೆ ಹೋದ, ಚೆಂಡು ಎದುರಾಳಿಯ ಕೈಗೆ ತಗುಲಿ ಬಿತ್ತು. ನಲವತ್ತು ವರ್ಷವಾದರೂ ಈ ಕತೆ ಹೇಳುವಾಗ ಅವರ ಎದೆ ಸ್ವಲ್ಪ ಮುಂದೆ ಬರುತ್ತದೆ. ನನಗೆ ಈ ಊರು ಇಷ್ಟವಾಗಲು ಅದೂ ಒಂದು ಕಾರಣ.

ಆರ್‌ಸಿಬಿ ಹೆಸರು ಯಾಕೆ ಇನ್ನೂ ಬಂದಿಲ್ಲ ಅಂತ ಕಾಯುತ್ತಿದ್ದೀರಿ, ಗೊತ್ತು. ಜೂನ್ 3ರಂದು ಇಲ್ಲಿ ಮಧ್ಯಾಹ್ನ. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ, ಮೊಬೈಲನ್ನು ಲ್ಯಾಪ್‌ಟಾಪಿಗೆ ಒರಗಿಸಿ ನೋಡಿದೆ. ಪಂಜಾಬ್ ವಿರುದ್ಧ ಆರು ರನ್ನು. ಹದಿನೆಂಟನೇ ವರ್ಷಕ್ಕೆ ಕಪ್ಪು. ಮೇಜಿನ ಕೆಳಗೆ ಮುಖ ಬಗ್ಗಿಸಿ ಅತ್ತಿದ್ದು ನಿಜ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಚಿನ್ನಸ್ವಾಮಿ ಹೊರಗೆ ಹನ್ನೊಂದು ಜನ ಕಾಲ್ತುಳಿತದಲ್ಲಿ ಸತ್ತಿದ್ದರು. ತಂಗಿಯ ಮಗ ಅವತ್ತು ಬೆಂಗಳೂರಲ್ಲಿದ್ದ, ಎರಡು ತಾಸು ಫೋನ್ ಎತ್ತಲಿಲ್ಲ. ಆಮೇಲೆ ಎತ್ತಿದ, ಕ್ಷೇಮವಾಗಿದ್ದ. ಅವತ್ತಿನಿಂದ "ಈ ಸಲ" ಅಂತ ಶುರುವಾಗುವ ಯಾವ ಮಾತೂ ನನ್ನ ಬಾಯಲ್ಲಿ ಸಲೀಸಾಗಿ ಬರುತ್ತಿಲ್ಲ. ಪಕ್ಕದ ಮನೆಯಾತ ಮೂರನೇ ವರ್ಷ ಅಂದಾಗ ನಾನು ತಲೆಯಾಡಿಸುವುದಕ್ಕೆ ಅದೂ ಸೇರಿದೆಯೋ ಏನೋ.

ಸರಿ, ನನ್ನ ಲೆಕ್ಕ ಇಷ್ಟು. ಎಂಟು ಗೆಲುವು, ನಾಲ್ಕು ಸೋಲು. ಪೆನ್ ಸ್ಟೇಟ್ ಈಗ ದೇಶದಲ್ಲಿ ಎರಡನೇ ಸ್ಥಾನದಲ್ಲಿದೆ, ನವೆಂಬರ್‌ನಲ್ಲಿ ಅವರ ಊರಿಗೇ ಹೋಗಬೇಕು, ಅದನ್ನು ಬಿಟ್ಟುಕೊಟ್ಟೆ. ಯು.ಎಸ್.ಸಿ. ನಮ್ಮಲ್ಲಿಗೆ ಬರುತ್ತದೆ, ಹೇಳಲಾಗದು. ನವೆಂಬರ್ 28ಕ್ಕೆ ಅಯೊವಾ ಲಿಂಕನ್ನಿಗೆ ಬರುತ್ತದೆ. ಉಳಿದ ಹನ್ನೊಂದು ಏನಾದರೂ ಆಗಲಿ, ಅದೊಂದು ಬೇಕು. ಹದಿಮೂರಕ್ಕೆ ಹತ್ತು ಅಂತಾದರೂ ಆಗಲಿ, ಹದಿಮೂರು ನಮ್ಮದಾಗಿರಲಿ.

ಮಗನ ಲೆಕ್ಕ ಬೇರೆ. ನೆಬ್ರಾಸ್ಕಾ ದೇಶದ ಮೊದಲ 25 ತಂಡಗಳಲ್ಲಿ ಒಂದನ್ನು ಸೋಲಿಸಿ ಬಹಳ ಕಾಲವಾಯಿತು. ಕೊನೆಯದು 2016ರ ಸೆಪ್ಟೆಂಬರ್ 17, ಓರೆಗಾನ್ ವಿರುದ್ಧ 35-32. ಅವತ್ತು ಹೆಂಡತಿ ಎಂಟು ತಿಂಗಳ ಬಸುರಿ, ನಾನು ಸ್ಟೇಡಿಯಂನಲ್ಲಿದ್ದೆ. ಅದಕ್ಕೆ ಬೈಗುಳ ಇನ್ನೂ ನಡೆದಿದೆ. ಅಕ್ಟೋಬರಿನಲ್ಲಿ ಅವನು ಹುಟ್ಟಿದ. ಅಂದರೆ ಅವನು ಕಣ್ಣು ಬಿಟ್ಟ ಮೇಲೆ ಅಂಥ ಗೆಲುವು ಒಂದೂ ಬಂದಿಲ್ಲ. ಶಾಲೆಯಲ್ಲಿ ಯಾರೋ ಇದನ್ನು ಹೇಳಿಬಿಟ್ಟಿದ್ದಾರೆ. "ಅಪ್ಪಾ, ನನ್ನಿಂದಾನಾ?" ಅಂತ ಕೇಳಿದ. ನಗುತ್ತಲೇ ಕೇಳಿದ, ಆದರೆ ಕೇಳಿದ.

ಸೆಪ್ಟೆಂಬರ್ 20ಕ್ಕೆ ಮಿಶಿಗನ್ ಬರುತ್ತಿದೆ. ಸದ್ಯಕ್ಕೆ ಅವರು ಆ ಇಪ್ಪತ್ತೈದರೊಳಗಿದ್ದಾರೆ, ಅಲ್ಲಿಯವರೆಗೂ ಇರಲಿ ಅಂತ ನಾನು ಮಿಶಿಗನ್‌ಗೆ ಹರಕೆ ಹೊತ್ತಿದ್ದೇನೆ, ಯಾರಿಗೂ ಹೇಳಬೇಡಿ. ಎರಡು ಟಿಕೆಟ್ ಕೊಂಡಾಗಿದೆ. ಬೆಲೆ ಹೆಂಡತಿಗೆ ಹೇಳಿದ್ದು ಅರ್ಧ ಮಾತ್ರ. ಆಕೆ ಫೇಸ್‌ಬುಕ್ ನೋಡುವುದಿಲ್ಲ ಎಂಬ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ. ಪಂದ್ಯಕ್ಕೆ ಮುಂಚೆ ಪಾರ್ಕಿಂಗ್ ಜಾಗದಲ್ಲಿ ಎಲ್ಲರೂ ಮಾಂಸ ಸುಡುವಾಗ ನಾವು ಮಿರ್ಚಿ ಕರಿಯುತ್ತೇವೆ. ಲಿಂಕನ್ ಕಡೆ ಇರುವ ಕನ್ನಡದವರು ಬನ್ನಿ, ಮಂಡಕ್ಕಿ ನೀವು ತನ್ನಿ.