ಹಾಸನದ ರೆಕಾರ್ಡ್ ಬುಕ್ಕು, ವಿಸ್ಕಾನ್ಸಿನ್‌ನ ಸಂಜೆ ಕ್ಲಾಸು

ನಾನು ಹಾಸನದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಈಗ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಹಗಲು ಫ್ಯಾಕ್ಟರಿ, ವಾರಕ್ಕೆ ಎರಡು ಸಂಜೆ ಟೆಕ್ನಿಕಲ್ ಕಾಲೇಜಿನಲ್ಲಿ ಕ್ವಾಲಿಟಿ ಕಂಟ್ರೋಲ್ ಕ್ಲಾಸು. ದವಡೆ ನಡುವೆ ಹಿಡಿದು ಸಣ್ಣ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್ ಹಿಡಿಯೋದು ನನಗೇನು ಹೊಸದಾ ಅಂತ ಸ್ವಲ್ಪ ಜಂಬದಲ್ಲೇ ಸೇರಿದ್ದೆ.

ಮೊದಲ ವಾರವೇ ಜಂಬ ಇಳಿಯಿತು. ಮೇಷ್ಟ್ರು ಹತ್ತು ಪಿನ್ ಕೊಟ್ಟರು. ಮೂರು ಜನ, ಒಬ್ಬೊಬ್ಬರೂ ಮೂರು ಸಲ ಅಳೆಯಬೇಕು, ಪ್ರತಿ ಸಲ ಪಿನ್‌ಗಳನ್ನು ಕಲಸಿಬಿಡುತ್ತಾರೆ, ಹಿಂದಿನ ರೀಡಿಂಗ್ ನೋಡುವ ಹಾಗಿಲ್ಲ. ಗೇಜ್ ಆರ್ ಅಂಡ್ ಆರ್ ಅಂತಾರೆ ಇದಕ್ಕೆ. ಪರೀಕ್ಷೆ ಪಿನ್ನಿಗಲ್ಲ, ಅಳೆಯುವ ಕೈಗೆ, ಉಪಕರಣಕ್ಕೆ. ಒಟ್ಟು ಏರುಪೇರಿನಲ್ಲಿ ಅಳತೆಯ ಪಾಲು 10 ಪರ್ಸೆಂಟಿನ ಒಳಗಿದ್ದರೆ ಸರಿ, 30 ದಾಟಿದರೆ ಆ ಅಳತೆ ನಂಬೋ ಹಾಗಿಲ್ಲ. ನಮ್ಮದು 34 ಬಂತು. ಅದರಲ್ಲಿ ನನ್ನ ಕಾಣಿಕೆಯೇ ಜಾಸ್ತಿ! ಒಂದೇ ಪಿನ್ನಿಗೆ ಒಮ್ಮೆ 12.02 ಮಿಲಿಮೀಟರ್, ಇನ್ನೊಮ್ಮೆ 12.06. ದವಡೆಯನ್ನು ಒಂದೊಂದು ಸಲ ಒಂದೊಂದು ಬಿಗಿಯಲ್ಲಿ ಒತ್ತುತ್ತಿದ್ದೆ, ಅಷ್ಟೇ.

ಮೂರು ವರ್ಷ ಓದಿದರೂ ಇದು ನನಗೆ ಗೊತ್ತಾಗಿರಲಿಲ್ಲ, ಅಲ್ವಾ? ಹಾಸನದ ಲ್ಯಾಬಿನಲ್ಲಿ ಎಂಟು ಜನಕ್ಕೆ ಒಂದು ವರ್ನಿಯರ್. ಮುಂದಿದ್ದವನು ಅಳೆದ, ಉಳಿದವರು ರೆಕಾರ್ಡ್ ಬುಕ್ಕಿನಲ್ಲಿ ಬರೆದುಕೊಂಡೆವು. ಲೀಸ್ಟ್ ಕೌಂಟ್, ಅಂದರೆ ಅದು ತೋರಿಸುವ ಅತಿ ಸಣ್ಣ ಅಳತೆ, 0.02 ಮಿಲಿಮೀಟರ್ ಅಂತ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆವು. ರೀಡಿಂಗ್ ಹೊಂದದಿದ್ದರೆ ಪೆನ್ಸಿಲ್‌ನಲ್ಲಿ ತಿದ್ದಿ, ಆಮೇಲೆ ಇಂಕು.

ಹಾಗಂತ ಇಲ್ಲಿಯವರು ಮೇಲು ಅನ್ನೋಕೆ ಬರೆಯುತ್ತಿಲ್ಲ. ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಲೆಕ್ಕ, ಸ್ಟ್ಯಾಂಡರ್ಡ್ ಡೀವಿಯೇಷನ್, ಬಂದ ದಿನ ಅರ್ಧ ಕ್ಲಾಸು ತಲೆ ಮೇಲೆ ಕೈ ಹೊತ್ತು ಕೂತಿತ್ತು, ನಾನು ಹತ್ತು ನಿಮಿಷದಲ್ಲಿ ಮುಗಿಸಿದ್ದೆ. ಅದು ಹಾಸನ ಕೊಟ್ಟ ಬುತ್ತಿ. ಆದರೆ ಐವತ್ತು ದಾಟಿದ ಮೆಷಿನಿಸ್ಟ್ ಒಬ್ಬರು ಶಿಫ್ಟ್ ಮುಗಿಸಿ, ಗ್ರೀಸ್ ಕೈ ತೊಳೆದು, ನನ್ನ ಪಕ್ಕ ಬಂದು ಕೂರುತ್ತಾರೆ. ನಮ್ಮೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಪ್ಪತ್ತು ವರ್ಷ ಲೇತ್ ಓಡಿಸಿದವರಿಗೆ ಇಂಥ ಸಂಜೆ ಕ್ಲಾಸು ಯಾಕೆ ಬೇಡ?

ಇನ್ನೊಂದು ಮಾತು. ಅಳತೆಗಳನ್ನು ಒಂದರ ಪಕ್ಕ ಒಂದು ಗುರುತಿಸಿ ಅಸಹಜ ಏರುಪೇರು ಹಿಡಿಯುವ ಕಂಟ್ರೋಲ್ ಚಾರ್ಟನ್ನು ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಮಾಡಿದ್ದು ಅಂತ ಮೇಷ್ಟ್ರು ಹೇಳುವಾಗ ನನಗೆ ನೆನಪಾಗಿದ್ದು ಸಕಲೇಶಪುರದ ಅಜ್ಜ. ಕಣದಲ್ಲಿ ಒಣಗುವ ಕಾಫಿಯನ್ನು ದಿನಾ ಅದೇ ಡಬ್ಬದಲ್ಲಿ ತುಂಬಿ ತೂಗಿ, ಗೋಡೆ ಮೇಲೆ ಇದ್ದಿಲಲ್ಲಿ ಬರೆಯುತ್ತಿದ್ದರು. ತೂಕ ಇಳಿಯುವುದು ನಿಂತ ಮೇಲೇ ಮೂಟೆ. ಇಳಿಯುತ್ತಿದ್ದ ತೂಕ ನಡುವೆ ಏರಿದರೆ ರಾತ್ರಿ ಇಬ್ಬನಿ ಹೊಡೆದಿದೆ ಅಂತ ಲೆಕ್ಕ. ಸಂಖ್ಯೆ ತಿದ್ದಿದರೆ ಬೂಸ್ಟು ಬರುತ್ತಿತ್ತು, ಹಾಗಾಗಿ ತಿದ್ದುತ್ತಿರಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅಕ್ಕನ ಮಗ ತನ್ನ ಲ್ಯಾಬ್ ರೆಕಾರ್ಡ್ ಬುಕ್ಕು ತೋರಿಸಿದ. ಮೂರು ರೀಡಿಂಗ್, ಮೂರೂ 25.40. ಹೇಗೋ ಅಂದೆ. "ಇಲ್ದಿದ್ರೆ ಸರ್ ಸೈನ್ ಹಾಕಲ್ಲ ಮಾಮ" ಅಂದ. ಹತ್ತು ಕಾಫಿ ಬೀಜ, ನನ್ನ ಕ್ಯಾಲಿಪರ್ ಕೊಟ್ಟು ಕೂರಿಸಿದೆ. ಎ ಗ್ರೇಡ್ ಬೀಜ 6.65 ಮಿಲಿಮೀಟರ್ ಜರಡಿ ಮೇಲೆ ನಿಲ್ಲಬೇಕು, ಅಗಲ ಅಳೆದು ಎಷ್ಟು ನಿಲ್ಲುತ್ತೆ ಹೇಳು ಅಂದೆ. ಮೊದಲ ಸಲ ಏಳು ಅಂದ. ಮತ್ತೆ ಅಳೆದು ಐದು ಅಂದ. ಮೂರನೇ ಸಲ ಸುಮ್ನೆ ನನ್ನ ಮುಖ ನೋಡಿದ.